ಬಯೋಡೇಟಾ ಹಾಕಿದೆವು, ಈಗ ಹೊತ್ತಲ್ಲದ ಹೊತ್ತಲ್ಲಿ ಫೋನ್ ಬರುತ್ತಿದೆ

ಆನ್‌ಲೈನ್ ಗ್ರೂಪುಗಳಲ್ಲಿ ನಮ್ಮ ಖಾಸಗಿ ವಿಷಯ ಎಷ್ಟು ಹೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಮುಂಬೈ, ಪುಣೆ, ಗೋವಾದವೇ ಜಾಸ್ತಿ. ಅದು ಸಹಜವೇ. ಊರಿಂದ ದೂರ ಇರುವವರಿಗೆ ಬಾಡಿಗೆ ಮನೆ, ಮಗಳಿಗೆ ಗಂಡು, ಆಸ್ಪತ್ರೆಗೆ ರಕ್ತ, ಕಡೇ ಗಳಿಗೆಯಲ್ಲಿ ಮಂಗಳೂರಿಗೆ ಒಂದು ಟಿಕೆಟ್, ಭಾನುವಾರದ ತಾಳಮದ್ದಳೆ ಎಲ್ಲಿ ಎನ್ನುವ ಸುದ್ದಿ, ಎಲ್ಲವೂ ಈಗ ಗ್ರೂಪಿನಲ್ಲೇ ಸಿಗುವುದು. ಹಾಗಾಗಿ "ಎಲ್ಲ ಗ್ರೂಪ್ ಬಿಟ್ಟುಬಿಡಿ" ಎಂಬ ಉತ್ತರವನ್ನು ನಾನು ಯಾರಿಗೂ ಕೊಡುವುದಿಲ್ಲ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ.

ಪ್ರಶ್ನೆ: ಮಗಳಿಗೆ ಗಂಡು ನೋಡುತ್ತಿದ್ದೇವೆ. ನಮ್ಮ ಕಡೆಯವರದೇ ಒಂದು ವಾಟ್ಸ್ಯಾಪ್ ಗ್ರೂಪಿನಲ್ಲಿ ಅವಳ ಬಯೋಡೇಟಾ, ಫೋಟೋ ಹಾಕಿದೆವು. ಈಗ ಗುರುತಿಲ್ಲದ ನಂಬರ್‌ಗಳಿಂದ ರಾತ್ರಿ ಹೊತ್ತು ಫೋನ್ ಬರುತ್ತಿದೆ. ಒಬ್ಬನಂತೂ ಅವಳ ಆಫೀಸ್ ಎಲ್ಲಿದೆ ಅಂತಲೂ ಹೇಳಿದ. ನಮ್ಮವರೇ ಇರುವ ಗ್ರೂಪ್ ಅಲ್ವಾ, ಹೀಗೆ ಹೇಗಾಯಿತು?
— ಒಬ್ಬ ತಾಯಿ, ಡೊಂಬಿವಲಿ

ಮೊದಲು ಇವತ್ತೇ ಮಾಡಬೇಕಾದ ಕೆಲಸ. ಕರೆ ಬಂದ ನಂಬರ್, ದಿನ, ಹೊತ್ತು ಬರೆದಿಡಿ, ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬ್ಲಾಕ್ ಮಾಡಿ. ಬೇಡ ಅಂದ ಮೇಲೂ ಹೆಣ್ಣುಮಗಳನ್ನು ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಆಫೀಸಿನ ಹೆಸರು ಹೇಳಿದವನು ಇನ್ನೊಮ್ಮೆ ಮಾಡಿದರೆ ಠಾಣೆಗೆ ಹೋಗಲು ಹಿಂಜರಿಯಬೇಡಿ. ಗ್ರೂಪಿನ ಅಡ್ಮಿನ್‌ಗೆ ಫೋನ್ ಮಾಡಿ ಆ ಬಯೋಡೇಟಾ ಅಳಿಸಲು ಹೇಳಿ. ನೀವೇ ಎಲ್ಲರಿಗೂ ಕಾಣದಂತೆ ಅಳಿಸಲು ಸುಮಾರು ಎರಡೂವರೆ ದಿನದ ಗಡುವು ಇದೆ, ಎಲ್ಲರಿಗೂ ಕಾಣದಂತೆ ಅಳಿಸುವ ಆಯ್ಕೆ ಅಡ್ಮಿನ್‌ಗೂ ಇರುತ್ತದೆ. ಆದರೆ ಯಾರದೋ ಗ್ಯಾಲರಿಯಲ್ಲಿ ಫೋಟೋ ಉಳಿದಿರಬಹುದು, ಬೇರೆ ಗ್ರೂಪಿಗೆ ಹೋದದ್ದು ವಾಪಸ್ ಬರುವುದಿಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಗ್ರೂಪಿಗೆ ಏನನ್ನು ಹಾಕುವಾಗಲೂ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ನಾಳೆ ಬೇಡ ಅನಿಸಿದರೆ ಇದನ್ನು ವಾಪಸ್ ತೆಗೆಯಲು ಆಗುತ್ತದಾ?

ಈಗ, ಹೇಗಾಯಿತು ಅಂತ. "ನಮ್ಮವರೇ" ಅಂದಿರಿ. ವಾಟ್ಸ್ಯಾಪ್ ಗ್ರೂಪಿನಲ್ಲಿ 1,024 ಜನರ ತನಕ ಇರಬಹುದು. ಅಷ್ಟು ಜನರಲ್ಲಿ ನಿಮಗೆ ಮುಖ ಗೊತ್ತಿರುವವರು ಎಷ್ಟು? ಸೇರುವ ಲಿಂಕ್ ಯಾರ ಕೈಗೆ ಹೋದರೂ, ಅಡ್ಮಿನ್ ಅನುಮತಿ ಬೇಕೆಂಬ ಸೆಟ್ಟಿಂಗ್ ಇಲ್ಲದಿದ್ದರೆ, ಅವರು ಒಳಗೆ. 2020ರ ಫೆಬ್ರವರಿಯಲ್ಲಿ ಇಂಥ ಗ್ರೂಪ್ ಲಿಂಕುಗಳು ಗೂಗಲ್ ಹುಡುಕಾಟದಲ್ಲೇ ಸಿಗುತ್ತಿದ್ದವು ಎಂಬುದು ದೊಡ್ಡ ಸುದ್ದಿಯಾಗಿತ್ತು. ಮತ್ತೆ ಬಯೋಡೇಟಾ ಇರುವುದೇ ಫಾರ್ವರ್ಡ್ ಮಾಡಲಿಕ್ಕೆ. ಒಳ್ಳೆ ಮನಸ್ಸಿನ ಅತ್ತೆಯೊಬ್ಬರು ಇನ್ನೂ ನಾಲ್ಕು ಗ್ರೂಪಿಗೆ ಹಾಕಿರುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ.

ನಮ್ಮ ಕಡೆಯ ಬಯೋಡೇಟಾದಲ್ಲಿ ಏನೇನು ಇರುತ್ತದೆ ನೋಡಿ. ಪೂರ್ತಿ ಹೆಸರು, ಹುಟ್ಟಿದ ದಿನ, ನಿಮಿಷದ ಸಮೇತ ಹೊತ್ತು, ಹುಟ್ಟಿದ ಊರು, ಗೋತ್ರ, ತಾಯಿಯ ತವರು, ಅಣ್ಣ ಎಲ್ಲಿದ್ದಾನೆ, ಕಂಪನಿ, ಸಂಬಳ, ಕಟ್ಟಡದ ಹೆಸರು, ಫ್ಲ್ಯಾಟ್ ನಂಬರ್, ಫೋನ್. ಒಂದೊಂದನ್ನೇ ನೋಡಿದರೆ ಅಂಥದ್ದೇನೂ ಇಲ್ಲ. ಎಲ್ಲ ಒಂದೇ ಹಾಳೆಯಲ್ಲಿ ಇರುವುದೇ ತೊಂದರೆ. ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು: ಹುಟ್ಟಿದ ದಿನ, ಗಂಡೋ ಹೆಣ್ಣೋ, ಐದಂಕಿಯ ಪಿನ್‌ಕೋಡ್, ಈ ಮೂರೇ ಸಾಕು, ಆ ದೇಶದ ಸುಮಾರು 87 ಶೇಕಡಾ ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು. ಹೆಸರೇ ಬೇಡ. ನಾವು ಹೆಸರನ್ನೂ ಕೊಟ್ಟು, ಫೋಟೋವನ್ನೂ ಕೊಟ್ಟು, ಮನೆ ದಾರಿಯನ್ನೂ ಹೇಳುತ್ತಿದ್ದೇವೆ. ಬರೀ ಫೋನ್ ನಂಬರ್ ಇದ್ದರೂ ಸಾಕು, ಯುಪಿಐ ಆಪ್‌ನಲ್ಲಿ ಅದನ್ನು ಹೊಡೆದರೆ ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆ. ಆ ಹೆಸರು, ಕಂಪನಿ ಹಾಕಿ ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ ಎಲ್ಲಿ ಕೆಲಸ, ಎಷ್ಟು ವರ್ಷದಿಂದ, ಎಲ್ಲ ಸಿಗುತ್ತದೆ. ಆ ಫೋನ್ ಮಾಡಿದವನು ಹ್ಯಾಕರ್ ಆಗಿರಬೇಕಿಲ್ಲ.

ಹಾಗಾದರೆ ಗ್ರೂಪಿಗೆ ಎಷ್ಟು ಸಾಕು? ನನ್ನ ಪ್ರಕಾರ: ಅಡ್ಡಹೆಸರಿಲ್ಲದ ಹೆಸರು, ಹುಟ್ಟಿದ ವರ್ಷ, ಓದು, ಯಾವ ರೀತಿಯ ಕೆಲಸ (ಕಂಪನಿ ಬೇಡ), ಊರು ಮತ್ತು ಈಗಿರುವ ಉಪನಗರ, ಮನೆಯ ಹಿರಿಯರೊಬ್ಬರ ನಂಬರ್. ಮಗಳ ನಂಬರ್ ಬೇಡವೇ ಬೇಡ. ಜಾತಕ ಬೇಕಾದವರು ಫೋನ್ ಮಾಡಿ ಕೇಳಲಿ, ಎರಡು ಮನೆ ಮಾತಾಡಿದ ಮೇಲೆ ಹುಟ್ಟಿದ ಹೊತ್ತು, ಫೋಟೋ ಕಳಿಸಿ. ಬೇರೆ ಸಿಮ್ ತೆಗೆದುಕೊಳ್ಳುವ ಯೋಚನೆ ಇದ್ದರೆ ಒಂದು ಮಾತು ನೆನಪಿರಲಿ: ಬಳಕೆ ನಿಂತು ಬಂದ್ ಆದ ನಂಬರ್ 90 ದಿನದ ಮೇಲೆ ಬೇರೆಯವರಿಗೆ ಹೋಗಬಹುದು, ಹಾಗಾಗಿ ಅದಕ್ಕೆ ಬ್ಯಾಂಕ್, ವಾಟ್ಸ್ಯಾಪ್ ಯಾವುದನ್ನೂ ಜೋಡಿಸಿ ಬಿಟ್ಟುಬಿಡಬೇಡಿ. ಮಗಳ ಯಾವುದಾದರೂ ಪಿನ್ ಹುಟ್ಟಿದ ದಿನದ್ದೇ ಆಗಿದ್ದರೆ ಇವತ್ತೇ ಬದಲಿಸಲಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಪತ್ರದಲ್ಲಿ "ಹಾಕಿದೆವು" ಎಂದಿದೆ, ಮಗಳನ್ನು ಕೇಳಿ ಹಾಕಿದಿರಾ ಅಂತ ಇಲ್ಲ. ಫೋಟೋ ಅವಳದು, ಆಫೀಸಿನ ಗೇಟಿನ ಹೊರಗೆ ಯಾರಾದರೂ ನಿಂತರೆ ಎದುರಿಸಬೇಕಾದವಳೂ ಅವಳೇ. ಮುಂದಿನ ಸಲ ಏನು ಹೋಗಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಅವಳೇ ನಿರ್ಧರಿಸಲಿ.

ಪ್ರಶ್ನೆ: ವಾಟ್ಸ್ಯಾಪ್‌ನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆ, ಯಾರೂ ಓದಲಾರರು, ಟೆಲಿಗ್ರಾಂ ಅದಕ್ಕಿಂತ ಸೇಫ್ ಅನ್ನುತ್ತಾರೆ ನಮ್ಮ ಅಡ್ಮಿನ್. ಹೌದಾ?
— ನಿವೃತ್ತ ಬ್ಯಾಂಕ್ ನೌಕರ, ಮುಲುಂಡ್

ಮೊದಲರ್ಧ ಸರಿ, ಆದರೆ ಅದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕಾಗದವನ್ನು ಎಷ್ಟು ಭದ್ರವಾಗಿ ಅಂಟಿಸಿ ಅಂಚೆಗೆ ಹಾಕಿದರೂ ತಲುಪಿದವರು ಬಿಡಿಸಿ ನಾಲ್ಕು ಜನಕ್ಕೆ ತೋರಿಸಬಹುದಲ್ಲ, ಹಾಗೆ. ದಾರಿಯಲ್ಲಿ ಕದಿಯುವವರಿಂದ ಎನ್‌ಕ್ರಿಪ್ಶನ್ ಕಾಯುತ್ತದೆ, ಗ್ರೂಪಿನ ಒಳಗೇ ಕೂತವರಿಂದ ಕಾಯುವುದಿಲ್ಲ. ಟೆಲಿಗ್ರಾಂ ಬಗ್ಗೆ ಹೇಳಿದ್ದು ತಪ್ಪು. ಅಲ್ಲಿನ ಗ್ರೂಪುಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇಲ್ಲ, ಇಬ್ಬರ ನಡುವಿನ ಸೀಕ್ರೆಟ್ ಚಾಟ್‌ಗೆ ಮಾತ್ರ ಇದೆ. ಟೆಲಿಗ್ರಾಂನಲ್ಲಿ ಒಂದು ಒಳ್ಳೆಯದೂ ಇದೆ, ಫೋನ್ ನಂಬರ್ ಯಾರಿಗೂ ಕಾಣದ ಹಾಗೆ ಇಡಬಹುದು. ದೊಡ್ಡ ಗ್ರೂಪಿನಲ್ಲಿ ನನಗೆ ಅದೇ ಹೆಚ್ಚು ಮುಖ್ಯ ಅನಿಸುತ್ತದೆ. ಯಾವುದೇ ಆಪ್ ಇರಲಿ, ನಿಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದು ಎಂಬ ಸೆಟ್ಟಿಂಗನ್ನು "ನನ್ನ ಕಾಂಟ್ಯಾಕ್ಟ್‌ಗಳು ಮಾತ್ರ" ಎಂದು ಮಾಡಿಡಿ.

ಪ್ರಶ್ನೆ: ಹಿಂಜೆವಾಡಿಯಲ್ಲಿ ಐಟಿ ಕೆಲಸ. ಖಿನ್ನತೆ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಹೆಸರು ಹಾಕದೆ ಒಂದು ಆನ್‌ಲೈನ್ ಸಮುದಾಯದಲ್ಲಿ ಬರೆಯುತ್ತೇನೆ, ಅದರಿಂದ ನಿಜಕ್ಕೂ ಸಮಾಧಾನ ಸಿಕ್ಕಿದೆ. ಈಚೆಗೆ ಭಯ ಶುರುವಾಗಿದೆ. ಆಫೀಸಿನವರು ಕಂಡುಹಿಡಿಯಬಹುದಾ?
— ಪುಣೆ

ಸಮಾಧಾನ ಸಿಕ್ಕಿದೆ ಅಂದಿರಲ್ಲ, ಅದನ್ನು ಕಳೆದುಕೊಳ್ಳದ ಹಾಗೆ ಯೋಚಿಸೋಣ.

ಹೆಸರು ತೆಗೆದ ಮಾತ್ರಕ್ಕೆ ಗುರುತು ಹೋಗುವುದಿಲ್ಲ. 2006ರ ಆಗಸ್ಟ್‌ನಲ್ಲಿ ಎಒಎಲ್ ಎಂಬ ಅಮೆರಿಕದ ಕಂಪನಿ ಸಂಶೋಧನೆಗೆ ಆಗಲಿ ಅಂತ ಸುಮಾರು 6.5 ಲಕ್ಷ ಬಳಕೆದಾರರ ಹುಡುಕಾಟದ ದಾಖಲೆ ಹೊರಗೆ ಬಿಟ್ಟಿತು. ಹೆಸರಿನ ಬದಲು ನಂಬರ್ ಇತ್ತು. ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಕೆಲವೇ ದಿನಗಳಲ್ಲಿ ಒಂದು ನಂಬರ್‌ನ ಹಿಂದಿದ್ದ ಹೆಂಗಸಿನ ಮನೆ ಬಾಗಿಲಿಗೇ ಹೋಗಿ ನಿಂತರು. ಆಕೆ ತನ್ನ ಊರಿನ ತೋಟದ ಕೆಲಸದವರನ್ನು ಹುಡುಕಿದ್ದರು, ತನ್ನದೇ ಅಡ್ಡಹೆಸರಿನವರನ್ನು ಹುಡುಕಿದ್ದರು, ಸ್ನೇಹಿತರ ಕಾಯಿಲೆಗಳ ಬಗ್ಗೆ ಹುಡುಕಿದ್ದರು. ಅಷ್ಟು ಸಾಕಾಯಿತು. ಕಂಪನಿಯ ತಂತ್ರಜ್ಞಾನ ಮುಖ್ಯಸ್ಥರು ಕೆಲಸ ಬಿಡಬೇಕಾಯಿತು.

ನೀವು ಬರೆದದ್ದನ್ನು ಹೀಗೇ ಓದಿ ನೋಡಿ. ಶಿರಸಿ ಕಡೆಯವನು ಎಂದು ಒಂದು ಕಡೆ, ಚಂಡೆ ಬಾರಿಸುತ್ತೇನೆ ಎಂದು ಇನ್ನೊಂದು ಕಡೆ, ಟೀಮಿನಲ್ಲಿ ಕನ್ನಡದವನು ನಾನೊಬ್ಬನೇ ಎಂದು ಮತ್ತೊಂದು ಕಡೆ ಬರೆದಿದ್ದರೆ, ಅಮೆರಿಕದಲ್ಲಿ ಓದುವವನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಆದರೆ ಪಕ್ಕದ ಡೆಸ್ಕಿನವನಿಗೆ ಎರಡೇ ಸಾಲು ಸಾಕು. ಅಪಾಯ ಅಳೆಯುವಾಗ ನಾವು ದೂರದ ಹ್ಯಾಕರ್‌ನನ್ನು ನೆನೆಸಿಕೊಳ್ಳುತ್ತೇವೆ, ನಮ್ಮನ್ನು ಈಗಾಗಲೇ ಅರ್ಧ ಬಲ್ಲವರನ್ನು ಮರೆಯುತ್ತೇವೆ. ನಿಮ್ಮ ವಿಷಯದಲ್ಲಿ ಲೆಕ್ಕಕ್ಕೆ ಬರುವವರು ಮ್ಯಾನೇಜರ್, ಸಹೋದ್ಯೋಗಿ, ರೂಮ್‌ಮೇಟ್, ಬಹುಶಃ ಊರಿನ ನೆಂಟರು. ಅವರ ಕಣ್ಣಲ್ಲಿ ಓದಿ. ಅವರಿಗೆ ಗೊತ್ತಾದರೆ ಏನಾಗುತ್ತದೆ ಎಂದು ಒಬ್ಬೊಬ್ಬರ ಬಗ್ಗೆ ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಕೆಲವರ ವಿಷಯದಲ್ಲಿ ಉತ್ತರ "ಏನೂ ಆಗಲ್ಲ" ಅಂತ ಬರಬಹುದು. ಆಗ ಭಯ ಅಷ್ಟು ಕಡಿಮೆ.

ಮಾಡಬಹುದಾದ್ದು ಇಷ್ಟು. ಆ ಬಳಕೆದಾರ ಹೆಸರನ್ನು ಬೇರೆ ಎಲ್ಲಾದರೂ ಬಳಸಿದ್ದೀರಾ ಎಂದು ಗೂಗಲ್‌ನಲ್ಲಿ ಹುಡುಕಿ. ಕ್ರಿಕೆಟ್ ಚರ್ಚೆಗೂ, ಇನ್‌ಸ್ಟಾಗ್ರಾಂಗೂ, ಇಲ್ಲಿಗೂ ಒಂದೇ ಹೆಸರು ಇಟ್ಟುಕೊಂಡು ಸಿಕ್ಕಿಬೀಳುವವರೇ ಜಾಸ್ತಿ. ಇದ್ದರೆ ಹೊಸ ಇಮೇಲ್, ಹೊಸ ಹೆಸರಿನಲ್ಲಿ ಮತ್ತೆ ಸೇರಿ, ಹಳೆಯದನ್ನು ಅಳಿಸಿ. ಊರು, ಹವ್ಯಾಸ, ಟೀಮಿನ ಗಾತ್ರ, ನಡೆದ ದಿನ, ಇವನ್ನು ಬಿಡಿ ಅಥವಾ ಬದಲಿಸಿ ಬರೆಯಿರಿ. ನಿಮ್ಮ ನೋವಿನ ಮಾತಿಗೆ ಚಂಡೆ ಬೇಕಾಗಿಲ್ಲ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ, ಆಫೀಸಿನ ವೈಫೈನಲ್ಲಿ ಬರೆಯಲೇಬೇಡಿ. ಮತ್ತೆ, ಗುಂಪಿನಲ್ಲಿ ಹೇಳಲಾಗದ ರಾತ್ರಿ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಗೋವಾದಲ್ಲಿ ಕಟ್ಟಡ ಕೆಲಸ. ಕೆಲಸ ಇದ್ದಾಗ ಗುತ್ತಿಗೆದಾರ ಗ್ರೂಪಿನಲ್ಲಿ ಹೇಳುತ್ತಾನೆ, ಎಲ್ಲರೂ ಅಲ್ಲೇ ಆಧಾರ್ ಫೋಟೋ ಹಾಕುತ್ತಾರೆ. ಬಾಡಿಗೆ ಮನೆಗೂ ಹಾಗೇ. ಹಾಕಬಹುದಾ?
— ವಾಸ್ಕೋ

ಗ್ರೂಪಿನಲ್ಲಿ ಹಾಕಬೇಡಿ. ಕೇಳಿದವರಿಗೆ ಬೇರೆಯಾಗಿ ಕಳಿಸಿ, ಅದೂ ಮಾಸ್ಕ್ಡ್ ಆಧಾರ್ ಕಳಿಸಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐಯ ವೆಬ್‌ಸೈಟ್‌ನಿಂದ ಡೌನ್‌ಲೋಡ್ ಮಾಡುವಾಗ ಆ ಆಯ್ಕೆ ಇರುತ್ತದೆ, ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ತೋರಿಸುತ್ತದೆ. ಜೆರಾಕ್ಸ್ ಕೊಡುವುದಾದರೆ ಅದರ ಮೇಲೆ ಅಡ್ಡವಾಗಿ "ಬಾಡಿಗೆ ಮನೆಗೆ ಮಾತ್ರ" ಎಂದು ದಿನದ ಸಮೇತ ಬರೆಯಿರಿ. ಬಾಡಿಗೆದಾರರ ಪರಿಶೀಲನೆಗೆ ಪೊಲೀಸರು ಕೇಳಿದರೆ ಕೊಡಲೇಬೇಕು, ಆದರೆ ಅದು ಮನೆ ಮಾಲೀಕರಿಗೂ ಠಾಣೆಗೂ ಸೇರಬೇಕಾದ್ದು, ಗ್ರೂಪಿನ ಎಲ್ಲರಿಗೂ ಅಲ್ಲ.

ಬೇರೆಯವರ ಆಧಾರ್ ಚಿತ್ರದಲ್ಲಿ ಫೋಟೋ ಬದಲಿಸಿ ರೂಮ್ ಹಿಡಿಯುವುದು, ಸಾಲದ ಆಪ್‌ಗಳಲ್ಲಿ ಬಳಸಲು ನೋಡುವುದು, ಇದೆಲ್ಲ ಆಗುತ್ತದೆ. ಆಧಾರ್ ನಂಬರ್ ಜೊತೆ ಬೆರಳಚ್ಚಿನ ನಕಲು ಮಾಡಿ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳೂ ದೇಶದಲ್ಲಿ ನಡೆದಿವೆ. ಅದಕ್ಕೆ ಯುಐಡಿಎಐಯ ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೆರಳಚ್ಚು ಕೊಡಬೇಕಾದಾಗ ಮಾತ್ರ ತೆಗೆಯಿರಿ. ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ. ಕೆಲಸ ಕೊಡುವವನು ಗ್ರೂಪಿನಲ್ಲೇ ಹಾಕಿ ಅಂತ ಪಟ್ಟು ಹಿಡಿದರೆ ಒಬ್ಬರೇ ಎದುರು ಮಾತಾಡುವುದು ಕಷ್ಟ, ಅದು ನನಗೆ ಗೊತ್ತು. ನಾಲ್ಕೈದು ಜನ ಸೇರಿ "ನಿಮಗೇ ಬೇರೆ ಕಳಿಸುತ್ತೇವೆ" ಅನ್ನಿ. ಅವನಿಗೂ ಅದರಿಂದ ನಷ್ಟವಿಲ್ಲ.

ಪ್ರಶ್ನೆ: ಓಟದ ಆಪ್‌ನಲ್ಲಿ ದಿನಾ ವೇತಾಳ ಟೇಕಡಿಯ ಓಟ ಹಾಕುತ್ತೇನೆ. ಅಣ್ಣ ಬೇಡ ಅನ್ನುತ್ತಾನೆ.
— ಕಾಲೇಜು ವಿದ್ಯಾರ್ಥಿನಿ, ಪುಣೆ

ಓಟ ಬಿಡಬೇಡಿ. ಆದರೆ ಓಟ ಶುರುವಾಗುವ ಜಾಗ ನಿಮ್ಮ ಮನೆ ಅಥವಾ ಹಾಸ್ಟೆಲ್ ಅಲ್ವಾ, ದಿನವೂ ಅದೇ ಹೊತ್ತು. ನಕ್ಷೆಯ ಮೊದಲ, ಕೊನೆಯ ಭಾಗ ಮುಚ್ಚುವ ಸೆಟ್ಟಿಂಗ್ ಸ್ಟ್ರಾವಾದಂಥ ಆಪ್‌ಗಳಲ್ಲಿ ಇದೆ, ಅದನ್ನು ಆನ್ ಮಾಡಿ, ನೋಡುವವರನ್ನು ಫಾಲೋವರ್‌ಗಳಿಗೆ ಸೀಮಿತ ಮಾಡಿ, ಮನೆಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಹಾಕಿ. 2018ರ ಜನವರಿಯಲ್ಲಿ ಸ್ಟ್ರಾವಾದ ಓಟದ ನಕ್ಷೆ ನೋಡಿ ಅಫ್ಘಾನಿಸ್ತಾನ, ಸಿರಿಯಾದಲ್ಲಿದ್ದ ಅಮೆರಿಕದ ಸೈನಿಕ ನೆಲೆಗಳ ಆಕಾರವೇ ಜನರಿಗೆ ಗೊತ್ತಾಗಿತ್ತು.

ಪ್ರಶ್ನೆ: ಖಾಸಗಿತನಕ್ಕೆ ಕಾನೂನು ಬಂದಿದೆಯಲ್ಲ, ಗ್ರೂಪಿನಲ್ಲಿ ನಮ್ಮ ಮಾಹಿತಿ ಹರಡಿದವರ ಮೇಲೆ ಕೇಸ್ ಹಾಕಬಹುದಾ?
— ಬೊರಿವಲಿ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತರ ಮೇಲಿನ ವಯಸ್ಸಿನಲ್ಲಿ. ಅದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ ಆಗುತ್ತದೆ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಆದರೆ ನಿಮ್ಮ ಪ್ರಶ್ನೆಗೆ ಮುಖ್ಯವಾದ ಎರಡು ಮಾತು ಆ ಕಾಯ್ದೆಯ 3ನೇ ಕಲಮಿನಲ್ಲೇ ಇವೆ. ಒಬ್ಬ ವ್ಯಕ್ತಿ ತನ್ನ ಸ್ವಂತದ, ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ನೀವೇ ಎಲ್ಲರಿಗೂ ಸಿಗುವಂತೆ ಬಹಿರಂಗ ಮಾಡಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಅಂದರೆ ಕಂಪನಿಗಳ ಎದುರು ಬಳಸಬಹುದಾದ ಕಾಯ್ದೆ ಅದು, ಪಕ್ಕದ ಫ್ಲ್ಯಾಟಿನವರು ಮಾಡಿದ ಫಾರ್ವರ್ಡ್‌ಗೆ ಹೆಚ್ಚು ಉಪಯೋಗವಿಲ್ಲ.

ಅದಕ್ಕೆ ಬೇರೆ ದಾರಿ ಇದೆ. ನಿಮ್ಮ ಪಾಸ್‌ವರ್ಡ್ ಅಥವಾ ಗುರುತನ್ನು ಮೋಸಕ್ಕೆ ಬಳಸಿದರೆ ಐಟಿ ಕಾಯ್ದೆಯ 66ಸಿ, ನಿಮ್ಮ ವೇಷ ಹಾಕಿ ವಂಚಿಸಿದರೆ 66ಡಿ, ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೆ ಅಥವಾ ಹರಡಿದರೆ 66ಇ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಮಗನಿಗೆ ಕ್ಯಾನ್ಸರ್. ಟಾಟಾ ಆಸ್ಪತ್ರೆಯ ಚಿಕಿತ್ಸೆಗೆ ಬಂದು ಪರೇಲ್ ಹತ್ತಿರ ಇದ್ದೇವೆ. ಮುಂಬೈ ಕನ್ನಡಿಗರ ಗ್ರೂಪುಗಳಲ್ಲಿ ಸಹಾಯ ಕೇಳಬೇಕು. ರಿಪೋರ್ಟ್, ಫೋಟೋ, ಬ್ಯಾಂಕ್ ವಿವರ ಎಲ್ಲ ಹಾಕಿದರೇ ಜನ ನಂಬುತ್ತಾರೆ ಅಂತ ಒಬ್ಬರು ಹೇಳಿದರು. ಹಾಕಲಾ?
— ಒಬ್ಬ ತಂದೆ

ಸಹಾಯ ಕೇಳಿ. ಇಲ್ಲಿ ಕೇಳದೆ ಇರುವುದೇ ದೊಡ್ಡ ನಷ್ಟ. ಮುಂಬೈಯ ನಮ್ಮ ಜನ ಕೈ ಬಿಡುವವರಲ್ಲ. ಆದರೆ ನಂಬಿಕೆ ಹುಟ್ಟಿಸಲು ಎಲ್ಲವನ್ನೂ ತೋರಿಸಬೇಕಾಗಿಲ್ಲ.

ಮೊದಲು ಆಸ್ಪತ್ರೆಯ ವೈದ್ಯಕೀಯ ಸಮಾಜಸೇವಾ ವಿಭಾಗಕ್ಕೆ ಹೋಗಿ. ಯಾವ ಟ್ರಸ್ಟ್, ಯಾವ ಯೋಜನೆ ನಿಮಗೆ ಸಿಗಬಹುದು, ದಾನಿಗಳು ನಿಮ್ಮ ಮಗನ ಖರ್ಚಿಗೆಂದು ನೇರ ಆಸ್ಪತ್ರೆಗೇ ಕಟ್ಟಬಹುದಾ ಎಂದು ಕೇಳಿ. ಹಾಗೆ ಕಟ್ಟಲು ಬರುವುದಾದರೆ ನಿಮ್ಮ ಖಾತೆಯ ವಿವರವನ್ನೇ ಹಾಕಬೇಕಾಗಿಲ್ಲ, ಕೊಡುವವರಿಗೂ ಧೈರ್ಯ. ಗ್ರೂಪಿಗೆ ಬರೆಯುವಾಗ ಮಗನ ವಯಸ್ಸು, ಕಾಯಿಲೆ, ಎಷ್ಟು ಬೇಕು, ಯಾವಾಗಿನ ಒಳಗೆ ಬೇಕು, ಇಷ್ಟು ಸಾಕು. ರಿಪೋರ್ಟು, ಫೈಲ್ ನಂಬರ್, ಆಧಾರ್, ಊರಿನ ವಿಳಾಸ ಬೇಡ. ಪರಿಶೀಲಿಸಬೇಕು ಅನ್ನುವವರು ಬಂದು ನೋಡಲಿ. ಗ್ರೂಪಿನಲ್ಲಿ ನಾಲ್ಕು ಜನ ಬಲ್ಲ ಹಿರಿಯರೊಬ್ಬರು ನಿಮ್ಮನ್ನು ಆಸ್ಪತ್ರೆಯಲ್ಲಿ ಕಂಡು "ನಾನು ನೋಡಿ ಬಂದೆ, ನಿಜ" ಎಂದು ಬರೆದರೆ ಹತ್ತು ರಿಪೋರ್ಟಿಗಿಂತ ಅದಕ್ಕೆ ತೂಕ ಜಾಸ್ತಿ.

ಕ್ಯೂಆರ್ ಕೋಡ್ ಬಗ್ಗೆ ಜಾಗ್ರತೆ. ಇಂಥ ಮನವಿಯ ಮಾತು, ಫೋಟೋ ಹಾಗೇ ಇಟ್ಟುಕೊಂಡು ಕೋಡ್ ಮಾತ್ರ ಬದಲಿಸಿ ಬೇರೆ ಗ್ರೂಪುಗಳಲ್ಲಿ ಹಣ ಎತ್ತುವವರು ಇದ್ದಾರೆ. ಹಾಗಾಗಿ ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಬರಬೇಕು ಎಂದು ಮನವಿಯಲ್ಲೇ ಬರೆಯಿರಿ, ಕೊನೆಯ ದಿನಾಂಕ ಹಾಕಿ, ಹಣ ಕೂಡಿದ ದಿನ "ಆಯಿತು, ಇನ್ನು ಫಾರ್ವರ್ಡ್ ಮಾಡಬೇಡಿ" ಎಂದು ಎಲ್ಲ ಕಡೆ ತಿಳಿಸಿ.

ಮಗುವಿನ ಫೋಟೋ ನಾನಾಗಿದ್ದರೆ ಹಾಕುವುದಿಲ್ಲ. ಅವನು ಗುಣವಾಗಿ ಶಾಲೆಗೆ ಹೋಗುತ್ತಾನೆ, ದೊಡ್ಡವನಾಗುತ್ತಾನೆ, ಕೂದಲಿಲ್ಲದ ಆ ಚಿತ್ರ ಯಾರದೋ ಫೋನಿನಲ್ಲಿ ಉಳಿದಿರುವುದು ಬೇಡ. ಹಾಕಲೇಬೇಕು ಅನಿಸಿದರೆ ಕಾಯಿಲೆಗೆ ಮುಂಚಿನದು, ನಗುತ್ತಿರುವುದು, ಒಂದೇ ಒಂದು ಹಾಕಿ. ಮನವಿ ಬರೆದು ಗ್ರೂಪಿಗೆ ಹಾಕುವ ಮುಂಚೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಎರಡು ದಿನದೊಳಗೆ ಓದಿ, ಏನಾದರೂ ತೆಗೆಯಬೇಕಿದ್ದರೆ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.